ಗಡಿಕಲ್ಲಿನ ಪಟಾಲಮ್ಮ

ಬಸವೇಶ್ವರನಗರ ಅರ್ಧ ಲೇಔಟು, ಅರ್ಧ ರಾಗಿಹೊಲವಾಗಿದ್ದ ಎಪ್ಪತ್ತಾರನೇ ಇಸವಿ. ಹೊಲವೆಲ್ಲ ಲೇಔಟಿಗೆ ಹೋದಮೇಲೆ ಅಕ್ಕಯ್ಯಮ್ಮನಿಗೆ ಉಳಿದದ್ದು ಒಂದು ಮನೆ, ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಹಸು. ಹಸು ಕೊಟ್ಟಿಗೆಗೆ ಹೋಗಲು ಮನೆಯ ಪಕ್ಕದ ಓಣಿಯೊಂದೇ ದಾರಿ. ಆ ಓಣಿಯ ಮೇಲೆ ಪಕ್ಕದ ಮನೆಯ ಚಕ್ರಪಾಣಿಯವರ ಕಣ್ಣು ಬಿದ್ದಿತ್ತು.

ಚಕ್ರಪಾಣಿ ಕಚೇರಿ ಗುಮಾಸ್ತರು, ಬೆರಳು ತೋರಿಸಿದರೆ ಹಸ್ತ ನುಂಗುವ ಪೈಕಿ. ಓಣಿಯ ಬಾಯಲ್ಲಿದ್ದ ಗಡಿಕಲ್ಲು ತಿಂಗಳಿಗೊಮ್ಮೆ ಅಕ್ಕಯ್ಯಮ್ಮನ ಕಡೆಗೆ ಗೇಣುದ್ದ ಸರಿಯುತ್ತಿತ್ತು; ಅದರ ಹಿಂದೆಯೇ ಅವರ ಮುಳ್ಳುತಂತಿಯೂ ಸರಿಯುತ್ತಿತ್ತು. ಕೇಳಿದರೆ, "ಮಳೆಗೆ ಜಾರಿರ್ಬೇಕಮ್ಮ. ಅನುಮಾನ ಇದ್ರೆ ಕೋರ್ಟಿಗೆ ಹೋಗಿ" ಎನ್ನುವರು. ಹಸುವೋ ತುಂಬು ಗಬ್ಬ. ತಂತಿ ತಗುಲಿ ಅದರ ಹೊಟ್ಟೆಯ ಮೇಲೆ ರಕ್ತದ ಗೀರು ಕಂಡ ದಿನ ಅಕ್ಕಯ್ಯಮ್ಮನ ಕರುಳು ಚುರುಕ್ಕೆಂದಿತು. ಕೋರ್ಟಿನ ತೀರ್ಪು ಬರುವಷ್ಟರಲ್ಲಿ ಹುಟ್ಟುವ ಕರುವೇ ಅಜ್ಜಿಯಾಗಿರುತ್ತದೆ! ಅವನು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರಬೇಕು.

ಮಂಗಳವಾರ ಚಕ್ರಪಾಣಿ ಆಫೀಸಿಗೆ ಹೋದದ್ದೇ ತಡ, ಅಕ್ಕಯ್ಯಮ್ಮ ಕಲ್ಲನ್ನು ಮೊದಲಿದ್ದ ಜಾಗದಲ್ಲೇ ನೆಟ್ಟು, ಅರಿಶಿನ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದರು. "ಊರದೇವ್ರು ಪಟಾಲಮ್ಮ ಕನಸಲ್ಲಿ ಬಂದು, ಇಲ್ಲೇ ಇರ್ತೀನಿ ಅಂದ್ಲು" ಎಂದು ಬೀದಿಗೆಲ್ಲ ಸಾರಿದರು. ಮೊದಲು ಓಡಿ ಬಂದು ದೀಪ ಹಚ್ಚಿದವರು ಚಕ್ರಪಾಣಿಯವರ ಹೆಂಡತಿ ವತ್ಸಲಾ.

ಇನ್ನು ಕಲ್ಲನ್ನು ಮುಟ್ಟುವಂತಿಲ್ಲ. ಆದರೆ ಚಕ್ರಪಾಣಿಯೇನು ಕಡಿಮೆಯೇ? ಮುಂದಿನ ಮಂಗಳವಾರ ರಜೆ ಹಾಕಿ, ಪೂಜೆಗೆ ನೆರೆದ ಹೆಂಗಸರ ಮುಂದೆ ಭಕ್ತಿಯಿಂದ ಕೈಮುಗಿದರು. "ಅಮ್ಮನಿಗೊಂದು ಕಟ್ಟೆ ಕಟ್ಟಿಸೋಣ, ಅಕ್ಕಯ್ಯಮ್ಮನೋರೆ. ಕಲ್ಲಿನ ಎರಡೂ ಕಡೆ ಎರಡೆರಡು ಅಡಿ."

ಕಟ್ಟೆ ಎದ್ದರೆ ಈ ಇಕ್ಕಟ್ಟಿನ ಓಣಿ ಮುಚ್ಚಿದಂತೆಯೇ, ಹಸು ಬೀದಿಪಾಲು. ಕನಸು ಸುಳ್ಳೆನ್ನಲು ಬಾಯಿಲ್ಲ. ಅಕ್ಕಯ್ಯಮ್ಮ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಗಲ್ಲ ಬಡಿದುಕೊಂಡರು.

"ಅಮ್ಮ ಕಟ್ಟೆ ಬ್ಯಾಡ ಅಂದವ್ಳೆ ಸ್ವಾಮಿ. ಗಬ್ಬದ ಹಸ ದಿನಾ ಮೂರು ಸುತ್ತು ನನ್ನ ಸುತ್ತ ಬರ್ಬೇಕು, ಅದರ ಮೈಗೆ ಏನೂ ತಗಲ್ಬಾರ್ದು ಅಂದವ್ಳೆ."

ವತ್ಸಲಾ ಗಂಡನತ್ತ ತಿರುಗಿದರು. "ಏನ್ರೀ, ನಿಂತ್ಕೊಂಡು ನೋಡ್ತಾ ಇದೀರಲ್ಲ! ಮೊದ್ಲು ಆ ತಂತಿ ಕೀಳಿ. ನಾಲ್ಕಡಿ ಹಿಂದಕ್ಕೆ ಹಾಕಿ."

ಹೆಂಗಸರೆಲ್ಲ ನೋಡುತ್ತಿದ್ದರು. ಚಕ್ರಪಾಣಿ ಪಂಚೆ ಎತ್ತಿ ಕಟ್ಟಿ ಗೂಟ ಕಿತ್ತರು. ಹಸು ಗಂಭೀರವಾಗಿ ಕಲ್ಲು ಸುತ್ತುತ್ತ ಅವರ ಕಡೆಗೆ ಬಂದು, ಅಲ್ಲಿದ್ದ ಕನಕಾಂಬರದ ಹೂಪಾತಿಗೆ ಬಾಯಿ ಹಾಕಿತು. ಅಟ್ಟಲು ಕೈ ಎತ್ತಿದ ಚಕ್ರಪಾಣಿ, ಹೆಂಡತಿ ದುರುಗುಟ್ಟಿದ್ದನ್ನು ಕಂಡು ಹಾಗೇ ಕೈಜೋಡಿಸಿದರು.

"ಇನ್ನೂ ಎರಡು ಸುತ್ತು ಐತೆ, ಸ್ವಾಮಿ" ಎಂದರು ಅಕ್ಕಯ್ಯಮ್ಮ.