ಆರ್ವಿಡ್‌ನ ಮೆತ್ತನೆಯ ಬ್ರೇಕು
ಅಮೆರಿಕದ ಡುಲೂತ್ ಊರಿನ ಆ ಇಳಿಜಾರು ಬೀದಿಯಲ್ಲಿ ಯಾರ ಕಾರಿನ ಬ್ರೇಕು ಮೆತ್ತಗಾದರೂ ನಾಡಿ ಹಿಡಿಯುವವನು ಮೆಕ್ಯಾನಿಕ್ ಆರ್ವಿಡ್. ಹಿಡಿಯುವುದು ಮಾತ್ರ ಕಾಲಿನಿಂದ. ಬೂಟು ಕಳಚಿ, ತೂತುಬಿದ್ದ ಕಾಲುಚೀಲದಲ್ಲೇ ಪೆಡಲ್ ಒತ್ತಿ, “ಇದೇನಯ್ಯಾ, ಪೆಡಲ್ಲೋ ಬೆಣ್ಣೆ ಮುದ್ದೆಯೋ?” ಎಂದು ಕಾರಿನವನ ಮಾನ ಕಳೆಯುತ್ತಾನೆ. ನಾಲ್ಕು ಸಲ ತುಳಿದ ಮೇಲೆ ಗಟ್ಟಿಯಾಯಿತೋ, ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದೆಯೆಂದು ಅರ್ಥ. ಅದನ್ನು ಹೊರಹಾಕಲು ಇಬ್ಬರು ಬೇಕು, ಆಗ “ಮಾರ್ಲಿಸ್!” ಎಂದು ಬೀದಿಗೆಲ್ಲ ಕೇಳುವಂತೆ ಹೆಂಡತಿಯನ್ನು ಕೂಗುತ್ತಾನೆ. ಅಡುಗೆಮನೆಯಲ್ಲಿ ಹಾವು ಮುಂಗುಸಿಯಂತಿರುವ ಗಂಡಹೆಂಡಿರು, ಅವಳು ಸೀಟಿನಲ್ಲೂ ಅವನು ಚಕ್ರದ ಪಕ್ಕದಲ್ಲೂ ಕೂತರೆ ಸಾಕು, ಬೇರೆಯೇ ಜನ. “ಒತ್ತು.” “ಒತ್ತಿದೆ.” “ಹಾಗೇ ಹಿಡ್ಕೋ.” “ಹಿಡ್ಕೊಂಡಿದೀನಿ ಮಾರಾಯ.” ಅವನು ಗಾಳಿ ಬಿಡುವ ಸ್ಕ್ರೂ ಸಡಿಲಿಸುತ್ತಾನೆ, ಆಯಿಲ್ಲಿನೊಡನೆ ಗುಳ್ಳೆಗಳು ಹೊರಬೀಳುತ್ತವೆ, ಒಂದು ಜಗಳವೂ ಇಲ್ಲ. ಯಾರ ಕಾರೂ ಬಾರದ ಶನಿವಾರ ಅವನು ತಮ್ಮದೇ ಟ್ರಕ್ಕಿನ ಬ್ರೇಕಿನ ಮೇಲೆ ಕಾಲಿಟ್ಟು ಮುಖ ಸಿಂಡರಿಸಿ, “ಪೆಡಲ್ ಮತ್ತೆ ಮೆತ್ತಗಾಗಿದೆ ಕಣೇ” ಎನ್ನುತ್ತಾನೆ. ಆ ಟ್ರಕ್ಕನ್ನು ದಿನಾ ಓಡಿಸುವವಳು ಮಾರ್ಲಿಸ್. ಪೆಡಲ್ ಕಲ್ಲಿನ ಹಾಗಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. “ಹೂಂ, ನಂಗೂ ಹಾಗೇ ಅನ್ನಿಸ್ತು” ಎನ್ನುತ್ತಾ ಅವಳು ಎರಡು ಲೋಟ ಕಾಫಿ ಹಿಡಿದು ಬಂದು ಸೀಟಿನಲ್ಲಿ ಕೂರುತ್ತಾಳೆ.