ಮೊರದ ತಾಳ

ಇಲ್ಲಿ ಕೂತ್ಕಳಿ, ಎಲೆ ಅಡಿಕೆ ಆಮೇಲೆ ಹಾಕ್ಕಳಿ, ಇದನ್ನ ಕೇಳಿ. ರುದ್ರಪಟ್ಟಣದ ಸಂಗೀತದ ಮೇಷ್ಟ್ರ ಮನೇಲಿ ನಾನು ಅಡುಗೆಗಿದ್ದೆ. ಅವರ ಶಿಷ್ಯೆ ವನಜ ಮಾರನೇ ದಿನದ ಕಚೇರಿಗೆ, ಹಾಡ್ತಾ ಹಾಡ್ತಾನೇ ಹುಟ್ಟಿಸಬೇಕಾದ ಸ್ವರಗಳನ್ನೆಲ್ಲ ಬರಕೊಂಡು ಬಾಯಿಪಾಠ ಮಾಡಿದ್ದಳು. ಮೇಷ್ಟ್ರು ಪುಸ್ತಕ ಕಿತ್ತುಕೊಂಡರು.

"ಮೂರೇ ಸ್ವರ ಕೊಡ್ತೀನಿ. ಅದರಲ್ಲೇ ಹೊಸದು ಹುಟ್ಟಿಸ್ತಾ ಹಾಡು, ತಾಳ ತಪ್ಪದೆ ಪಲ್ಲವಿಗೆ ಬಂದು ಸೇರು. ಆಗಲಿಲ್ಲವೋ, ನಾಳೆ ಕಚೇರಿ ಇಲ್ಲ."

ಹುಡುಗಿ ತಪ್ಪಿದಳು, ಮತ್ತೆ ತಪ್ಪಿದಳು. ನಾನು ಮೂಲೇಲಿ ಅಕ್ಕಿ ಕೇರ್ತಿದ್ದೆ.

"ಮೊರ ನಿಲ್ಲಿಸಬೇಡ ಕಣಜ್ಜಿ, ಅದೇ ತಾಳ ನಂಗೆ" ಅಂದಳು.

ಕೇರಿದೆ. ಅವಳು ಆ ಮೂರನ್ನೇ ತಿರುಗಿಸಿ ಮುರುಗಿಸಿ, ಯಾರೂ ಕಲಿಸದ್ದನ್ನ ಹಾಡ್ತಾ ಹೋದಳು. ಬೆರಗಾಗಿ ನನ್ನ ಕೈ ನಿಂತುಬಿಡ್ತು. ಮೊರ ನಿಂತರೂ ಅವಳು ಪಲ್ಲವಿಗೆ ಸರಿಯಾಗಿ ಬಂದಿಳಿದಳು.

"ನಾಳೆ ಹಾಡು" ಅಂದರು ಮೇಷ್ಟ್ರು.

ಮೇಷ್ಟ್ರು ಈಗಿಲ್ಲ. ವನಜ ಅರಕಲಗೂಡಲ್ಲಿ ತನ್ನ ಶಿಷ್ಯರ ಪುಸ್ತಕ ಕಿತ್ತುಕೊಳ್ತಾಳೆ. ಮೊರ ನನ್ನ ಸೊಸೆ ಹತ್ರ ಇದೆ. ಆವತ್ತು ಅರ್ಧ ಕೇರಿದ ಅಕ್ಕೀನೇ ಬೇಯಿಸಿದ್ದೆ, ಅನ್ನದಲ್ಲಿ ಸಿಕ್ಕಿದ ಕಲ್ಲನ್ನ ಎಲ್ಲರೂ ಎಲೆ ಪಕ್ಕಕ್ಕಿಟ್ಟು ಉಂಡರು.