ರುಕ್ಮಿಣಿಯನ್ನು ಧಾರೆ ಎರೆದ ದಿನ

ಸಿಂಧನೂರಿನ ನಮ್ಮ ಓಣಿಯ ಹನುಮಪ್ಪನ ಗುಡಿಯಲ್ಲಿ ಆ ವರ್ಷ ಭಾಗವತ ಸಪ್ತಾಹ ಇಟ್ಟಿದ್ದರು. ಆರನೆಯ ದಿನ ರುಕ್ಮಿಣಿ ಕಲ್ಯಾಣ. ಹೆಣ್ಣಿನ ಕಡೆಯವರಾಗಿ ಕೂತು ಧಾರೆ ಎರೆಯಲು ಹಿರಿಯರು ನನ್ನನ್ನೂ ನನ್ನ ಹೆಂಡತಿಯನ್ನೂ ಕೇಳಿದರು. ನಮ್ಮ ಒಬ್ಬಳೇ ಮಗಳು ಡೆಂಗೀ ಜ್ವರದಲ್ಲಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಮಸ್ಕಿಯಿಂದ ಒಂದು ಸಂಬಂಧವೂ ಬಂದಿತ್ತು. ಧಾರೆಗೆ ಕೂಡುವುದು ಬೇಡವೆಂದು ನಾನು ಹಿರಿಯರಿಗೆ ಹೇಳಿದೆ. ಹೆಂಡತಿಯೇ ಒಪ್ಪಿಕೊಂಡಳು. “ಧಾರಿ ಎರಿಯೋ ಪುಣ್ಯ ನಮಗೂ ಇರಲಿ ಬಿಡ್ರಿ,” ಎಂದಳು.

ಮುನ್ನಾ ದಿನ ಇಬ್ಬರೂ ಬಜಾರಿಗೆ ಹೋದೆವು. ರುಕ್ಮಿಣಿಯ ಅಷ್ಟು ಚಿಕ್ಕ ಮೂರ್ತಿಗೆ ಒಂದು ರವಿಕೆಯ ಖಣ ಸಾಕಿತ್ತು. ಆಕೆ ನಾಲ್ಕು ಅಂಗಡಿ ಹತ್ತಿ ಇಳಿದು ಹಸಿರು ಅಂಚಿನ ಹಳದಿ ರೇಷ್ಮೆ ಸೀರೆ ಆರಿಸಿದಳು. ಮಗಳ ಮದುವೆಯೇ ಎಂದು ಅಂಗಡಿಯವನು ಕೇಳಿದಾಗ ಹೌದೆಂದಳು. ನಾನು ದುಡ್ಡು ಎಣಿಸಿ ಕೊಟ್ಟೆ.

ಕಲ್ಯಾಣದ ದಿನ ಗುಡಿ ತುಂಬಿತ್ತು. ಗಂಡಿನ ಕಡೆಯವರು ಭಜನೆ ಮಾಡುತ್ತ ಕೃಷ್ಣನ ಮೂರ್ತಿ ಹೊತ್ತು ತಂದರು. ಆಕೆ ಎದುರುಗೊಂಡು ಆರತಿ ಬೆಳಗಿದಳು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ನಗು ಕಂಡೆ. ಧಾರೆಗೆ ಕೂತಾಗ ಶಾಸ್ತ್ರಿಗಳು ಮೈಕನ್ನು ಆಕೆಯ ಹತ್ತಿರ ಹಿಡಿದು, “ಮಗಳ ಹೆಸರು ಹೇಳ್ರಿ, ತಾಯಿ,” ಎಂದರು.

ಆಕೆ ನಮ್ಮ ಮಗಳ ಹೆಸರು ಹೇಳಿದಳು.

ಮನೆಯಲ್ಲಿ ಆ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಈಗ ಅದು ಇಡೀ ಓಣಿಗೆ ಕೇಳಿತು. ತಾಳ ಹಾಕುತ್ತಿದ್ದವರು ನಿಲ್ಲಿಸಿದರು. ಎಲ್ಲರ ಮುಖ ನೋಡಿದ ಮೇಲೆಯೇ ತಾನು ಹೇಳಿದ್ದೇನೆಂದು ಆಕೆಗೆ ತಿಳಿದದ್ದು. ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಡಲು ಹೋದಳು. ಶಾಸ್ತ್ರಿಗಳು ಮೈಕು ಸರಿಸಿ, ಇರಲಿ, ನೀರು ಬಿಡಿರೆಂದು ಮೆಲ್ಲಗೆ ಹೇಳಿದರು. ನಾನೂ ತಂಬಿಗೆಗೆ ಕೈ ಕೊಟ್ಟೆ. ಹೇಗೋ ಧಾರೆ ಮುಗಿಯಿತು.

ಮನೆಗೆ ಬಂದು ಆಕೆ ಅಡುಗೆಮನೆಯ ಗೋಡೆಗೆ ಒರಗಿ ಕೂತಳು.

“ಆಕೀನ ಕಳಿಸಿ ಬಂದೀನ್ರಿ,” ಎಂದಳು. “ಕಳಿಸಿದ ಮ್ಯಾಲೆ ಸಮಾಧಾನ ಆಗ್ತೈತಿ ಅಂದ್ಕೊಂಡಿದ್ದೆ. ಆಗವಲ್ದು.”

ಮಗಳು ಹೋದ ದಿನವೂ ಹೊರಗೆ ನಿಂತು ಅತ್ತಿದ್ದ ನಾನು, ಅಂದು ಆಕೆಯ ಪಕ್ಕದಲ್ಲೇ ಕೂತು ಅತ್ತೆ.

ಮರುದಿನ ಸಪ್ತಾಹದ ಮಂಗಲ. ನಾವು ಹೋಗಲಿಲ್ಲ. ಓಣಿಯ ಹೆಂಗಸರು ಪ್ರಸಾದ ತಂದುಕೊಟ್ಟು, ಏನೂ ಕೇಳದೆ ಆಕೆಯ ಸುತ್ತ ಬಹಳ ಹೊತ್ತು ಕೂತಿದ್ದರು. ಆಕೆ ಯಾರ ಮುಖವನ್ನೂ ನೋಡಲಿಲ್ಲ.